ಉಬ್ಬರದ ನೀರು ಮತ್ತು ನಮ್ಮ ಹಿತ್ತಿಲ ಬಾವಿ

ಬಯಲುಸೀಮೆಯಲ್ಲಿ ಹುಟ್ಟಿ ಬೆಳೆದ ನಮಗೆ ಸಮುದ್ರವೆಂಬುದು ಎಂದೋ ಒಮ್ಮೆ ಪ್ರವಾಸದಲ್ಲಿ ಕಂಡು ಬಂದ ನೋಟವೇ ಹೊರತು ಒಡನಾಟದ ವಸ್ತುವಲ್ಲ. ಕೆರೆ ಕೋಡಿ ಬಿದ್ದರೆ ಬಾಗಿನ ಅರ್ಪಿಸುವ ಜನ ನಾವು. ನೀರು ಮನೆಬಾಗಿಲಿಗೆ ಬರುವುದನ್ನು ಕೇಡೆಂದು ಎಣಿಸುವ ರೂಢಿ ನಮಗಿಲ್ಲ. 2023ರ ನವೆಂಬರಿನಲ್ಲಿ ಮಗಳ ಬಾಣಂತನದ ನಿಮಿತ್ತ ನಾವೂ ನಮ್ಮ ಮನೆಯವರೂ ಇಂಡೋನೇಷ್ಯಾದ ಜಕಾರ್ತ ನಗರಕ್ಕೆ ಹೋಗಿ ಎರಡು ತಿಂಗಳು ನಿಂತೆವು. ಅಲ್ಲಿ ಕಂಡದ್ದನ್ನು ಬರೆಯಬೇಕೆಂದು ಅಂದೇ ಅನ್ನಿಸಿತ್ತು. ಬರೆಯಲು ಇಷ್ಟು ಕಾಲ ಹಿಡಿದುದಕ್ಕೆ ಕಾರಣವನ್ನು ಮುಂದೆ ಹೇಳುತ್ತೇವೆ.

ಮೊಮ್ಮಗನಿಗೆ ಹೆಸರಿಟ್ಟ ಮರುವಾರ ಅಳಿಯಂದಿರು ನಮ್ಮನ್ನು ಹಳೆಯ ಬಂದರು ಸುಂದಾ ಕೆಲಾಪಕ್ಕೆ ಕರೆದೊಯ್ದರು. 1619ರಲ್ಲಿ ಡಚ್ಚರು ಕಟ್ಟಿದ ಬಟೇವಿಯಾ ನಗರದ ಮೂಲನೆಲೆ ಅದು. ಮರದ ಹಡಗುಗಳನ್ನು ನೋಡಿಕೊಂಡು ಹತ್ತಿರದ ಮುವಾರಾ ಬಾರು ಎಂಬ ಬೆಸ್ತರ ಕೇರಿಗೆ ಬಂದೆವು. ಮಳೆ ಬಂದು ನಾಲ್ಕು ದಿನವಾಗಿತ್ತು, ಆಕಾಶ ನಿಚ್ಚಳವಾಗಿತ್ತು; ಆದರೂ ಓಣಿಯಲ್ಲಿ ಹರಡು ಮುಳುಗುವಷ್ಟು ನೀರು. ಹುಣ್ಣಿಮೆಯ ಆಸುಪಾಸಿನ ಉಬ್ಬರದ ನೀರದು. ಅದನ್ನು ಅಲ್ಲಿಯವರು ‘ರೋಬ್’ ಎನ್ನುತ್ತಾರೆ. ಮಕ್ಕಳು ಅದರಲ್ಲೇ ಚಪ್ಪಲಿ ಕೈಯಲ್ಲಿ ಹಿಡಿದು ಶಾಲೆಯಿಂದ ಮರಳುತ್ತಿದ್ದರು.

ಕೇರಿಯ ಕೊನೆಗೆ ಕಾಂಕ್ರೀಟಿನ ಗೋಡೆ. ಮೆಟ್ಟಿಲೇರಿ ಆಚೆಗೆ ಇಣುಕಿದೆವು. ಸಮುದ್ರ ಕೈಗೆಟುಕುವಷ್ಟು ಹತ್ತಿರ ನಿಂತಿತ್ತು. ಹಿಂತಿರುಗಿ ನೋಡಿದರೆ ನಾವು ಹತ್ತಿ ಬಂದ ಓಣಿ ಅದಕ್ಕಿಂತ ಕೆಳಗಿತ್ತು. ಮನೆಗಳ ಹೊಸ್ತಿಲಿಗಿಂತ ಸಮುದ್ರ ಎತ್ತರದಲ್ಲಿರುವುದನ್ನು ಕಣ್ಣಾರೆ ಕಂಡಾಗ ಎದೆ ಝಲ್ಲೆಂದಿತು. ಗೋಡೆಯ ಹೊರಗೆ ನೀರಿನಲ್ಲಿ ವಾಲ್ ಅಧುನಾ ಎಂಬ ಮಸೀದಿಯೊಂದು ಅರ್ಧ ಮುಳುಗಿ ನಿಂತಿದೆ. ಒಂದು ಕಾಲಕ್ಕೆ ಜನ ಅಲ್ಲಿಗೆ ನಡೆದೇ ಹೋಗುತ್ತಿದ್ದರು.

ಗೋಡೆಯ ಬುಡದಲ್ಲಿ ಚಹಾ ಮಾರುವ ಹೆಂಗಸೊಬ್ಬಳು ನಮ್ಮ ಮನೆಯವರನ್ನು ಕರೆದು ಕೂರಿಸಿದಳು. ಅಳಿಯಂದಿರು ಮಾತನ್ನು ತಿಳಿಸುತ್ತ ಹೋದರು. ಆಕೆಯ ಮನೆಯ ನೆಲವನ್ನು ಮೂರು ಸಲ ಮಣ್ಣು ತುಂಬಿ ಎತ್ತರಿಸಿದ್ದಾರಂತೆ. ನೆಲವೇನೋ ಏರಿತು, ಮಾಡು ಏರಲಿಲ್ಲ. ಹೀಗಾಗಿ ಎದೆಯ ಮಟ್ಟಕ್ಕಿದ್ದ ಕಿಟಕಿ ಈಗ ಮೊಣಕಾಲಿಗೆ ಬಂದಿದೆ. ಗಂಡ ತಲೆ ಬಗ್ಗಿಸಿಯೇ ಒಳಗೆ ಹೋಗಬೇಕು. ಕುಡಿಯುವ ನೀರನ್ನು ಕೈಗಾಡಿಯವನಿಂದ ಡಬ್ಬಿಗಿಷ್ಟೆಂದು ಕೊಳ್ಳುತ್ತಾರೆ. “ಇಷ್ಟು ನೀರಿನ ನಡುವೆ ನೀರು ಕೊಳ್ಳುವುದೇ?” ಎಂದು ನಮ್ಮ ಮನೆಯವರು ಕೇಳಿದಾಗ ಆಕೆ ನಕ್ಕಳು. ಆ ನಗೆಯಲ್ಲಿ ದೂರಿರಲಿಲ್ಲ, ಅದೇ ನಮ್ಮನ್ನು ಹೆಚ್ಚು ಕಾಡಿತು.

ಸಮುದ್ರ ಏರುತ್ತಿದೆ ಎಂಬುದು ಲೋಕಕ್ಕೆಲ್ಲ ತಿಳಿದ ಸಂಗತಿ. ಈ ಶತಮಾನದ ಲೆಕ್ಕದಂತೆ ಏರಿಕೆ ವರ್ಷಕ್ಕೆ ಸುಮಾರು 4 ಮಿಲಿಮೀಟರು. ಆದರೆ ಜಕಾರ್ತದ ಕಥೆಯಲ್ಲಿ ಅದು ಚಿಕ್ಕ ಪಾತ್ರ. ಅಲ್ಲಿ ನೆಲವೇ ಇಳಿಯುತ್ತಿದೆ. ವಿಜ್ಞಾನಿಗಳು ಅಳೆದಂತೆ ಇಳಿತ ವರ್ಷಕ್ಕೆ 1ರಿಂದ 15 ಸೆಂಟಿಮೀಟರು. ಕೆಲವು ಸ್ಥಳಗಳಲ್ಲಿ, ಕೆಲವು ಕಾಲದಲ್ಲಿ, 20ಕ್ಕೂ ಮಿಕ್ಕಿದ್ದುಂಟು. ನಗರದ ಸುಮಾರು ಶೇಕಡಾ 40 ಭಾಗ ಸಮುದ್ರಮಟ್ಟಕ್ಕಿಂತ ಕೆಳಗಿದೆಯೆಂದು ಹೇಳುತ್ತಾರೆ. 2007ರ ನವೆಂಬರಿನಲ್ಲಿ ಉಬ್ಬರದ ನೀರು ತಡೆಗೋಡೆಯನ್ನು ಮೀರಿ ಒಳನುಗ್ಗಿದಾಗ ವಿಮಾನ ನಿಲ್ದಾಣದ ಹೆದ್ದಾರಿಯೂ ಮುಳುಗಿತ್ತು.

ನೆಲವೇಕೆ ಇಳಿಯಬೇಕು? ಅಳಿಯಂದಿರು ಇಂಜಿನಿಯರು, ರಾತ್ರಿ ಊಟದ ನಂತರ ಕಾಗದದ ಮೇಲೆ ಗೀಚಿ ತೋರಿಸಿದರು. ಹದಿಮೂರು ನದಿಗಳು ಹೊತ್ತು ತಂದ ಮೆಕ್ಕಲಿನ ಮೇಲೆ ಆ ನಗರ ನಿಂತಿದೆ. ಕೆಳಗೆ ಮರಳಿನ ಪದರ, ಜೇಡಿಯ ಪದರ, ಮತ್ತೆ ಮರಳು, ಮತ್ತೆ ಜೇಡಿ. ಆಳದ ಬಾವಿಗಳಿಂದ ಮರಳಿನ ನೀರನ್ನು ಎತ್ತಿದರೆ ಜೇಡಿಯ ನೀರು ನಿಧಾನವಾಗಿ ಅತ್ತ ಸೋರುತ್ತದೆ; ಒಳಗಿನ ನೀರಿನ ಆಸರೆ ತಪ್ಪಿದ ಜೇಡಿ ಮೇಲಿನ ಭಾರಕ್ಕೆ ಅಮುಕಿಕೊಳ್ಳುತ್ತದೆ, ಬಹುಕಾಲ ಮಲಗಿದ ಹತ್ತಿ ಹಾಸಿಗೆಯಂತೆ. ಹಾಸಿಗೆಯಾದರೆ ಪಿಂಜಾರರು ಬಂದು ಹತ್ತಿಯನ್ನು ಬಿಡಿಸಿ ಕೊಟ್ಟಾರು. ನೆಲದೊಳಗಿನ ಜೇಡಿಗೆ ಪಿಂಜಾರನಿಲ್ಲ. ಕಟ್ಟಡಗಳ ಭಾರ, ಎಳೆಯ ಮಣ್ಣು ತಾನಾಗಿ ಗಟ್ಟಿಯಾಗುವ ಗುಣ ಇವೂ ಸೇರುತ್ತವೆ. ಆದರೆ ಕೈಯಾರೆ ಮಾಡಿದ್ದು ನೀರೆತ್ತುವ ಕೆಲಸ. ನಲ್ಲಿಯ ನೀರು ಎಲ್ಲರಿಗೂ ತಲಪದ ನಗರದಲ್ಲಿ ಉಳ್ಳವರು ಬಾವಿ ಕೊರೆಸಿದರು, ಕಾರ್ಖಾನೆ, ಹೋಟೆಲು, ಬಹುಮಹಡಿ ಕಟ್ಟಡಗಳು ಇನ್ನೂ ಆಳಕ್ಕೆ ಇಳಿದವು. ಚಹಾದವಳ ಮನೆಯಲ್ಲಿ ಬಾವಿಯೇ ಇರಲಿಲ್ಲ.

ಪರಿಹಾರಗಳಿಗೇನೂ ಕಡಿಮೆಯಿಲ್ಲ. 2014ರಲ್ಲಿ ಕೊಲ್ಲಿಗೇ ಅಡ್ಡಲಾಗಿ ಗರುಡನ ಆಕಾರದ ಮಹಾಗೋಡೆಯ ಯೋಜನೆ ಸಾರಿದರು. ರಾಜಧಾನಿಯನ್ನೇ ಬೋರ್ನಿಯೋ ದ್ವೀಪಕ್ಕೆ ಒಯ್ಯುವುದಾಗಿ 2019ರಲ್ಲಿ ಘೋಷಿಸಿ, 2022ರಲ್ಲಿ ಕಾನೂನನ್ನೂ ಮಾಡಿದರು. ಸರ್ಕಾರ ಹೋಗಬಹುದು, ಚಹಾದವಳು ಎಲ್ಲಿಗೆ ಹೋದಾಳು? ನಾವು ಹೋಗುವ ಮೂರು ತಿಂಗಳ ಹಿಂದೆ, ನಿಗದಿಯಾದ ವಲಯಗಳಲ್ಲಿ ದೊಡ್ಡ ಕಟ್ಟಡಗಳು ಅಂತರ್ಜಲ ಎತ್ತಬಾರದೆಂಬ ನಿಯಮ ಜಾರಿಗೆ ಬಂದಿತ್ತು. ನಮಗೆ ಭರವಸೆ ಹುಟ್ಟಿಸಿದ್ದು ಅದೊಂದೇ. ಟೋಕಿಯೋ ನಗರದ ಪೂರ್ವಭಾಗ ಕಳೆದ ಶತಮಾನದಲ್ಲಿ ಹೀಗೆಯೇ ಇಳಿದು ಕೆಲವೆಡೆ 4 ಮೀಟರಿಗೂ ಹೆಚ್ಚು ತಗ್ಗಾಗಿತ್ತು. 1956 ಮತ್ತು 1962ರ ಕಾನೂನುಗಳಿಂದ ನೀರೆತ್ತುವುದಕ್ಕೆ ಕಡಿವಾಣ ಬಿದ್ದ ಮೇಲೆ, 1970ರ ದಶಕದಲ್ಲಿ ಇಳಿತ ಬಹುಮಟ್ಟಿಗೆ ನಿಂತಿತು. ತಗ್ಗಾದ ನೆಲ ಮಾತ್ರ ಮೇಲೇಳಲಿಲ್ಲ. ಜನ ಇಂದಿಗೂ ಅಲ್ಲಿ ಗೋಡೆಗಳ ಮರೆಯಲ್ಲಿಯೇ ಇದ್ದಾರೆ.

ಇನ್ನು ನಮ್ಮ ಮಾತಿಗೆ ಬರುತ್ತೇವೆ. ಮುವಾರಾ ಬಾರುವಿಗೆ ಹೋಗಿಬಂದ ಎರಡನೆಯ ದಿನ ಊರಿನಿಂದ ತಮ್ಮನ ಮಗನ ದೂರವಾಣಿ ಬಂತು. ಹಿತ್ತಿಲ ಕೊಳವೆ ಬಾವಿ ಗಾಳಿ ಕಾರುತ್ತಿದೆ, 900 ಅಡಿಗೆ ಹೊಸದು ಕೊರೆಸೋಣ, ಒಪ್ಪಿದ್ದ ಹಣ ಕಳುಹಿಸಿ ಎಂದನು. ಹೊರಡುವ ಮುನ್ನ ನಾವೇ ಒಪ್ಪಿದ್ದೆವು, ನಿಜ. ಅಂದು ಏಕೋ ಕೈ ಬರಲಿಲ್ಲ. ಕಾರಣ ಹೇಳಿದಾಗ ಅವನು, “ದೊಡ್ಡಪ್ಪ, ನಮ್ಮದು ಕರಿಕಲ್ಲಿನ ನೆಲ, ಕುಸಿಯುವುದಿಲ್ಲ” ಎಂದನು. ಅವನ ಮಾತು ಸರಿ. ನಮ್ಮ ಬಂಡೆ ಜೇಡಿಯಂತೆ ಅಮುಕಿಕೊಳ್ಳದು. ಕುಸಿಯದ ನೆಲ ಸಾಕ್ಷಿ ಹೇಳುವುದಿಲ್ಲ, ಅಷ್ಟೆ.

1986ರ ಬರದಲ್ಲಿ ಆ ಓಣಿಯ ಮೊದಲ ಕೊಳವೆ ಬಾವಿಯನ್ನು ಹಾಕಿಸಿದವರು ನಾವು. 220 ಅಡಿಗೆ ನೀರು ಚಿಮ್ಮಿದಾಗ ಕಾಯಿ ಒಡೆದು ಬೀದಿಗೆಲ್ಲ ಸಕ್ಕರೆ ಹಂಚಿದೆವು. ಎರಡು ಬೇಸಿಗೆ ಕಳೆಯುವುದರೊಳಗೆ ಪಕ್ಕದ ಮನೆಯವರ ತೆರೆದ ಬಾವಿ ಬತ್ತಿತು. ಅವರ ತಾತನ ಕಾಲದ ಕಲ್ಲುಕಟ್ಟಡದ ಬಾವಿ ಅದು. ಹಿರಿಯರು ಒಮ್ಮೆ ಮಾತ್ರ, “ನಿಮ್ಮ ಬೋರು ಬಂದಮೇಲೆ ಹೀಗಾಯಿತೇನೋ” ಎಂದಿದ್ದರು. ಮಳೆ ಕೈಕೊಟ್ಟಿತಲ್ಲ ಎಂದುಬಿಟ್ಟೆವು. ಮಳೆ ಕೈಕೊಟ್ಟದ್ದು ಸುಳ್ಳಲ್ಲ. ಆದರೆ ಮಳೆ ಮರಳಿದ ಮೇಲೂ ಆ ಬಾವಿ ತುಂಬಲಿಲ್ಲ. ಅದನ್ನು ದಾಟುವಾಗ ನಮ್ಮ ನಡಿಗೆ ಚುರುಕಾಗುತ್ತಿತ್ತು.

ನಾವು ಮರಳಿದ್ದು 2024ರ ಜನವರಿಯಲ್ಲಿ. ಆ ಬೇಸಿಗೆಯಲ್ಲೇ ಬೆಂಗಳೂರಿನ ಸುಮಾರು 14 ಸಾವಿರ ಸರ್ಕಾರಿ ಕೊಳವೆ ಬಾವಿಗಳಲ್ಲಿ ಅರ್ಧದಷ್ಟು ಬತ್ತಿವೆಯೆಂದು ಸರ್ಕಾರ ಹೇಳಿತು. ಊರಿಗೆ ಹೋದಾಗ ತಮ್ಮನ ಮಕ್ಕಳು ಕೊರೆಯುವ ಯಂತ್ರದವರಿಗೆ ಮುಂಗಡ ಕೊಡಲು ಸಿದ್ಧರಾಗಿದ್ದರು. ಮೊದಲು ಮಾಡಿನ ಮಳೆನೀರನ್ನು ಹಳೆಯ ಕಲ್ಲುಬಾವಿಗೆ ಇಳಿಸಿ ಎರಡು ಮಳೆಗಾಲ ನೋಡೋಣವೆಂದು ಹಟ ಹಿಡಿದೆವು. ಒಪ್ಪಿದರು, ಮನಸಾರೆ ಒಪ್ಪಿದರೆಂದು ಹೇಳಲಾರೆವು. ಟ್ಯಾಂಕರಿನ ಹಣ ನಮ್ಮಿಂದಲೇ ಹೋಗುತ್ತಿದೆ.

ಬರೆಯಲು ತಡವಾದುದು ಪಕ್ಕದ ಮನೆಯ ಹೊಸ್ತಿಲು ತುಳಿಯುವವರೆಗೆ. ಹಿರಿಯರು ತೀರಿಕೊಂಡು ವರ್ಷಗಳಾಗಿವೆ. ಸೊಸೆ ಬಾವಿಯೊಳಗೆ ತೆಂಗಿನ ಮಟ್ಟೆ ತುಂಬಿದ್ದಾರೆ. ನಡೆದುದನ್ನು ನಡೆದಂತೆ ಹೇಳಿ, ಅಂದು ನಾವು ಆಡಿದ ಮಾತು ತಪ್ಪೆಂದೆವು. ಆಕೆ ಸೆರಗಿನಿಂದ ಮಣೆ ಒರೆಸುತ್ತ, “ಅದು ನಮ್ಮ ಮಾವನವರಿಗೆ ಗೊತ್ತಿತ್ತು. ದುಡ್ಡಿದ್ದರೆ ನಾವೂ ಹಾಕಿಸುತ್ತಿದ್ದೆವು ಎನ್ನುತ್ತಿದ್ದರು” ಎಂದರು. ಆಮೇಲೆ ಒಳಗೆ ಹೋಗಿ, ನಮಗೆ ಕುಡಿಯಲು ತಂಬಿಗೆಯಲ್ಲಿ ನೀರು ತಂದಿಟ್ಟರು.