ಶನಿವಾರಸಿದ್ಧಿ

ಬೆಂಗಳೂರಿನ ಒಂದು ಮನೆಯಲ್ಲಿ, ಕಾರ್ತಿಕಮಾಸದ ಒಂದು ಸಂಜೆ, ಪ್ರವಾಸದ ಮಾತು ಮೊದಲಾದುದು ಒಂದು ಚಿತ್ರದಿಂದ. ಕಾಲೇಜಿನಲ್ಲಿ ಓದುವ ಮಗನು ತನ್ನ ಫೋನಿನಲ್ಲಿ ದುಬ್ರೋವ್ನಿಕ್ ನಗರದ ಚಿತ್ರವನ್ನು ಮನೆಯವರಿಗೆಲ್ಲ ತೋರಿಸುತ್ತಿದ್ದನು. ಕ್ರೊಯೇಶಿಯಾ ದೇಶದ ಕಡಲದಂಡೆಯಲ್ಲಿರುವ ಆ ಹಳೆಯ ಊರನ್ನು ಸುಮಾರು ಎರಡು ಕಿಲೋಮೀಟರು ಉದ್ದದ ಕಲ್ಲಿನ ಗೋಡೆ ಸುತ್ತುವರಿದಿದೆ. ಗೋಡೆಯ ನೆತ್ತಿಯ ಮೇಲೆ ಜನ ನಡೆದಾಡುವ ದಾರಿ. ಒಳಗೆ ಕೆಂಪು ಹೆಂಚಿನ ಮನೆಗಳು. ಹೊರಗೆ ನೀಲಿಯ ನೀರು.

“ಯುರೋಪಿನವರು ಶನಿವಾರ ಹೋಗಿ ಭಾನುವಾರ ಮರಳಿ ಬಂದುಬಿಡುತ್ತಾರಂತೆ. ನಮಗೆ ಅಂಥ ಕೋಟೆಯೂರು ಎಲ್ಲಿದೆ?” ಎಂದು ಅವನು ನಿಟ್ಟುಸಿರಿಟ್ಟನು.

ಮೂಲೆಯಲ್ಲಿ ಕುಳಿತು ಹೂಬತ್ತಿ ಹೊಸೆಯುತ್ತಿದ್ದ ಅಜ್ಜಿ ಕನ್ನಡಕವನ್ನು ಏರಿಸಿಕೊಂಡು ಆ ಚಿತ್ರವನ್ನು ಬಹಳ ಹೊತ್ತು ನೋಡಿದರು. “ನಮ್ಮ ಉಚ್ಚಂಗಿಗೂ ಕ್ವಾಟಿ ಐತಲ್ಲಪ್ಪಾ. ಸಮುದ್ರ ಒಂದಿಲ್ಲ ನೋಡು” ಎಂದರು.

ಅಜ್ಜಿಯ ತವರು ಹರಪನಹಳ್ಳಿಯ ಸೀಮೆ. ಮದುವೆಯಾಗಿ ದಾವಣಗೆರೆಗೆ ಬಂದವರು, ಮಗನ ಉದ್ಯೋಗದ ದೆಸೆಯಿಂದ ಬೆಂಗಳೂರಿನಲ್ಲಿ ನೆಲೆಸಿದ್ದಾರೆ. ತವರಿನ ಹೆಸರನ್ನು ಅವರು ತಾವಾಗಿಯೇ ಎತ್ತುವುದು ಅಪೂರ್ವ. ಆದುದರಿಂದ ಆ ಒಂದು ಮಾತೇ ಸಾಕಾಯಿತು. ಮುಂದಿನ ರಜೆಗೆ ಉಚ್ಚಂಗಿದುರ್ಗವೇ ಎಂದು ಮನೆಯಲ್ಲಿ ನಿಶ್ಚಯವಾಯಿತು.

ಬ್ಯಾಂಕಿನಲ್ಲಿ ಕೆಲಸಮಾಡುವ ತಂದೆಗೆ ಪಟ್ಟಿ ಬರೆಯುವುದರಲ್ಲಿ ಬಹಳ ಪ್ರೀತಿ. ವಿಜಯನಗರ ಜಿಲ್ಲೆಯ ನಕ್ಷೆಯನ್ನು ಮುಂದಿಟ್ಟುಕೊಂಡು ಎರಡು ದಿನಗಳ ಅವಧಿಗೆ ಅವರು ಸಿದ್ಧಪಡಿಸಿದ ಪಟ್ಟಿಯಲ್ಲಿ ಐದು ತಾಲೂಕುಗಳು ಸೇರಿಕೊಂಡವು. ಕೂಡ್ಲಿಗಿಯ ಕಡೆ ಪಾಳೆಯಗಾರರ ಗುಡೇಕೋಟೆ ಮತ್ತು ಜರಿಮಲೆ, ಅಲ್ಲಿಂದ ಉಜ್ಜಿನಿಯ ಮರುಳಸಿದ್ಧೇಶ್ವರ, ಕೊಟ್ಟೂರಿನಲ್ಲಿ ಕೊಟ್ಟೂರೇಶ್ವರ, ಹಗರಿಬೊಮ್ಮನಹಳ್ಳಿಯ ಬಳಿ, 2024ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿದ ಅಂಕಸಮುದ್ರದ ಪಕ್ಷಿಧಾಮ, ಹಡಗಲಿಯ ಮಲ್ಲಿಗೆ ತೋಟಗಳು, ಮೈಲಾರ, ತುಂಗಭದ್ರೆಯ ದಡದ ಕುರುವತ್ತಿ, ಕಡೆಯಲ್ಲಿ ಹರಪನಹಳ್ಳಿ, ಬಾಗಳಿ, ಉಚ್ಚಂಗಿ.

ಪ್ರೌಢಶಾಲೆಯಲ್ಲಿ ಚರಿತ್ರೆ ಬೋಧಿಸುವ ತಾಯಿ ಪಟ್ಟಿಯನ್ನು ಓದಿ ನಕ್ಕರು. “ಇದು ಪ್ರವಾಸವಲ್ಲ, ದಂಡಯಾತ್ರೆ. ಹೀಗೆ ಹೋದರೆ ಕಾಣುವುದು ರಸ್ತೆ ಮಾತ್ರ. ಅತ್ತೆಯವರ ಮಂಡಿಯ ಗತಿಯೇನು?”

ಹೀಗೆ ಪಟ್ಟಿಯನ್ನು ಕತ್ತರಿಸುವ ಕಾರ್ಯ ಪ್ರಾರಂಭವಾಯಿತು. ಗುಡೇಕೋಟೆಯೂ ಜರಿಮಲೆಯೂ ಪೂರ್ವದಲ್ಲಿ, ಕುರುವತ್ತಿಯೂ ಮೈಲಾರವೂ ಪಶ್ಚಿಮದಲ್ಲಿ. ಇವೆರಡನ್ನೂ ಒಂದೇ ದಾರಕ್ಕೆ ಪೋಣಿಸಿದರೆ ದಾರವೇ ಹರಿಯುತ್ತದೆ. ಒನಕೆ ಓಬವ್ವನ ತವರೆಂದು ಜನ ಹೇಳುವ ಗುಡೇಕೋಟೆಯನ್ನು ಚಿತ್ರದುರ್ಗದ ಪ್ರವಾಸಕ್ಕೆಂದು ಮೀಸಲಿರಿಸಿದರು. ಅಂಕಸಮುದ್ರದ ಹಕ್ಕಿಗಳಿಗೆ ಒಂದು ಇಡೀ ಮುಂಜಾನೆ ಬೇಕು. ಅದೂ ಇನ್ನೊಮ್ಮೆಗೆ ಹೋಯಿತು. ಕುರುವತ್ತಿಯ ಮಲ್ಲಿಕಾರ್ಜುನ ದೇವಾಲಯದ ಮದನಿಕೆಯರನ್ನು ಬಿಡಲು ತಾಯಿಗೆ ಮನಸ್ಸಿರಲಿಲ್ಲ, ಆದರೂ ಬಿಟ್ಟರು. ಉಳಿದವು ಎರಡೇ: ಶನಿವಾರ ಉಚ್ಚಂಗಿದುರ್ಗ, ಭಾನುವಾರ ಬಾಗಳಿ.

“ಇಷ್ಟು ಸಣ್ಣ ಪಟ್ಟಿಗಾಗಿ ಬೆಂಗಳೂರಿನಿಂದ ಹೋಗಬೇಕೇ?” ಎಂದು ತಂದೆ ಬೇಸರಪಟ್ಟಾಗ ತಾಯಿ ಚರಿತ್ರೆಯನ್ನು ತೆರೆದರು.

ಉಚ್ಚಂಗಿ ಸಾಮಾನ್ಯವಾದ ಬೆಟ್ಟವಲ್ಲ. ಕದಂಬರ ಶಾಸನಗಳಲ್ಲಿ ಬರುವ ಉಚ್ಚಶೃಂಗಿಯು ಇದೇ ಎಂದು ವಿದ್ವಾಂಸರು ಗುರುತಿಸಿದ್ದಾರೆ. ನೊಳಂಬವಾಡಿ ಮೂವತ್ತೆರಡು ಸಾವಿರವೆಂದು ಶಾಸನಗಳು ಕರೆಯುವ ನಾಡಿಗೆ ಇದು ಕಣ್ಣಿನಂತಿದ್ದಿತು. ಗಂಗರ ಮಾರಸಿಂಹನು ಈ ಕೋಟೆಯನ್ನು ಮುರಿದ ಸಂಗತಿಯನ್ನು ಶ್ರವಣಬೆಳಗೊಳದ ಕೂಗೆ ಬ್ರಹ್ಮದೇವರ ಕಂಬದ ಶಾಸನ ಕೊಂಡಾಡುತ್ತದೆ. ಆತನು ಕಾಲವಾದುದು ಕ್ರಿ.ಶ. 974ರಲ್ಲಿ. ಅನಂತರ ಕಲ್ಯಾಣದ ಚಾಲುಕ್ಯರ ಅಧೀನದಲ್ಲಿ ಪಾಂಡ್ಯರೆಂಬ ಸಾಮಂತರು ಇಲ್ಲಿಂದ ಆಳಿದರು. ಇವರು ಮಧುರೆಯ ಪಾಂಡ್ಯರಲ್ಲ, ಉಚ್ಚಂಗಿಯ ಪಾಂಡ್ಯರು. ಹೊಯ್ಸಳರಿಗೂ ಇವರಿಗೂ ತಲೆಮಾರುಗಳ ಕಾಲ ಕಾದಾಟ ನಡೆಯಿತು.

ಚೋಳರು ಹನ್ನೆರಡು ವರ್ಷ ಮುತ್ತಿಗೆ ಹಾಕಿ ಕೈಬಿಟ್ಟ ಕೋಟೆ ಇದೆಂದೂ, ವೀರಬಲ್ಲಾಳನು ಅದನ್ನು ಲೀಲೆಯಂತೆ ಗೆದ್ದನೆಂದೂ ಹೊಯ್ಸಳರ ಶಾಸನ ಹೇಳುತ್ತದೆ. ಹೊಗಳಿಕೆಯ ಮಾತಿನಲ್ಲಿ ಸ್ವಲ್ಪ ಉಪ್ಪುಖಾರ ಇರುವುದು ಸಹಜ. ಆದರೆ 1177ರ ಸುಮಾರಿಗೆ ಕೋಟೆ ಅವನ ವಶವಾದುದು ನಿಜ. ಆ ವಿಜಯದಿಂದ ಅವನಿಗೆ ‘ಗಿರಿದುರ್ಗಮಲ್ಲ’ ಎಂಬ ಬಿರುದು ಬಂದಿತು. ಗೆದ್ದ ದಿನ ಶನಿವಾರವಾದುದರಿಂದ ‘ಶನಿವಾರಸಿದ್ಧಿ’ ಎಂಬ ಇನ್ನೊಂದು ಬಿರುದೂ ಸೇರಿತೆಂದು ಚರಿತ್ರಕಾರರು ವಿವರಿಸುತ್ತಾರೆ.

“ಶನಿವಾರವೇ?” ಎಂದು ಮಗ ಎದ್ದು ಕುಳಿತನು. “ಹಾಗಾದರೆ ನಾವೂ ಶನಿವಾರವೇ ಹತ್ತಬೇಕು!”

“ಅದಕ್ಕಿಂತ ದೊಡ್ಡ ಸಂಗತಿ ಇನ್ನೊಂದಿದೆ. ಗೆದ್ದಮೇಲೆ ಪಾಂಡ್ಯನು ಶರಣುಬಂದನು. ಬಲ್ಲಾಳ ಅವನ ರಾಜ್ಯವನ್ನು ಅವನಿಗೇ ಮರಳಿ ಕೊಟ್ಟನು” ಎಂದರು ತಾಯಿ.

ದಿನವನ್ನು ಗೊತ್ತುಮಾಡುವಾಗ ತಂದೆಗೆ ಒಂದು ಸೊಗಸಾದ ಯೋಚನೆ ಹೊಳೆಯಿತು. ಮಾಘಮಾಸದ ಭರತ ಹುಣ್ಣಿಮೆಗೆ ಹೋದರೆ ಹೇಗೆ? ಉಚ್ಚಂಗಿಯಲ್ಲಿ ಅಂದು ದೊಡ್ಡ ಜಾತ್ರೆ. ಅದೇ ದಿನಗಳಲ್ಲಿ ಮೈಲಾರದ ಕಾರಣಿಕವೂ ಉಂಟು. ಗೊರವಯ್ಯನು ಎತ್ತರದ ಬಿಲ್ಲನ್ನೇರಿ, ನೆರೆದ ಜನಸಾಗರವನ್ನು ಒಂದು ಕ್ಷಣ ಮೌನವಾಗಿಸಿ, ವರ್ಷದ ಮಳೆಬೆಳೆಯ ಸೂಚನೆಯನ್ನು ಒಂದೇ ವಾಕ್ಯದಲ್ಲಿ ನುಡಿಯುವ ಆ ನೋಟವನ್ನು ಯಾರು ತಾನೆ ಬಿಟ್ಟಾರು?

“ಆ ಹುಣ್ಣಿಮಿ ಬ್ಯಾಡ” ಎಂದರು ಅಜ್ಜಿ.

“ಜನಸಂದಣಿಯ ಭಯವೇನಮ್ಮ?”

“ಬ್ಯಾಡಂದೆ, ಬ್ಯಾಡ.”

ಹೂಬತ್ತಿ ಹೊಸೆಯುತ್ತಿದ್ದ ಕೈ ನಿಂತಿತ್ತು. ಸೊಸೆ ಅದನ್ನು ಗಮನಿಸಿ ಮಾತನ್ನು ಬೇರೆಡೆಗೆ ತಿರುಗಿಸಿದರು. ಮಾರ್ಗಶಿರದ ಒಂದು ಸಾಧಾರಣ ಶನಿವಾರವನ್ನು ಗೊತ್ತುಮಾಡಿದ್ದಾಯಿತು.

ಅದು ಎಲ್ಲ ರೀತಿಯಲ್ಲಿಯೂ ಸರಿಯಾದ ಆಯ್ಕೆಯಾಗಿತ್ತು. ಈ ಸೀಮೆ ಬಯಲುಸೀಮೆ. ಮಾಘ ಕಳೆದರೆ ಬಂಡೆ ಕಾಯಲಾರಂಭಿಸುತ್ತದೆ. ಬೇಸಗೆಯಲ್ಲಿ ಹತ್ತು ಗಂಟೆಯ ಮೇಲೆ ಮೆಟ್ಟಿಲ ಮೇಲೆ ಪಾದವೂರುವುದೇ ಕಷ್ಟ. ಚಳಿಗಾಲದ ಬೆಳಗು ಹತ್ತುವವರಿಗೆ ಹಿತವಾದುದು. ಶುಕ್ರವಾರ ರಾತ್ರಿ ಬೆಂಗಳೂರಿನಲ್ಲಿ ರೈಲು ಹತ್ತಿದರೆ ದಾವಣಗೆರೆ. ಅಲ್ಲಿ ಬೆಳಗಿನ ಬೆಣ್ಣೆದೋಸೆ ಮುಗಿಸಿ ಹೊರಟರೆ ಸುಮಾರು ಒಂದು ಗಂಟೆಯ ದಾರಿ ಉಚ್ಚಂಗಿದುರ್ಗಕ್ಕೆ. ಬುತ್ತಿಗೆ ಖಡಕ್ ಜೋಳದ ರೊಟ್ಟಿ, ಶೇಂಗಾ ಚಟ್ನಿ. ಬುತ್ತಿಯ ಚೀಲವನ್ನು ಕೋತಿಗಳ ಕಣ್ಣಿಗೆ ಬೀಳದಂತೆ ಮುಚ್ಚಿಟ್ಟುಕೊಳ್ಳುವುದು ಕ್ಷೇಮ. ಹತ್ತುವುದು ಅವಸರದ ಕೆಲಸವಲ್ಲ. ಕೋಟೆಯ ಬಾಗಿಲು ಬಂದಾಗಲೆಲ್ಲ ಕುಳಿತು, ಹಿಂದಿರುಗಿ ನೋಡಿ, ಮುಂದುವರಿಯಬೇಕು. ಶತ್ರುವನ್ನು ತಡೆಯಲೆಂದು ಕಟ್ಟಿದ ಬಾಗಿಲುಗಳು ಈಗ ದಣಿದವರಿಗೆ ನೆರಳು ಕೊಡುತ್ತವೆ.

ಮೇಲೆ ಉಚ್ಚಂಗೆಮ್ಮನ ಗುಡಿ. ಭಂಡಾರದ ಅರಿಸಿನ, ಉಡಿ ತುಂಬುವ ಹೆಂಗಸರು. ಅರಸರು ಹೋದರೂ ಈ ಕೋಟೆ ಬರಿದಾಗದಿರುವುದು ಈ ತಾಯಿಯಿಂದ.

ರಾತ್ರಿ ಹರಪನಹಳ್ಳಿಯಲ್ಲಿ ತಂಗುವುದು. ಈ ಊರಿನ ಚರಿತ್ರೆಯೂ ಕೋಟೆಯ ಚರಿತ್ರೆಯಂತೆಯೇ ಕೈಯಿಂದ ಕೈಗೆ ಸಾಗಿದ್ದು. ಪಾಳೆಯಗಾರರ ರಾಜಧಾನಿಯಾಗಿ, ಬ್ರಿಟಿಷರ ಕಾಲದಲ್ಲಿ ಮದರಾಸು ಪ್ರಾಂತಕ್ಕೆ ಸೇರಿ, 1953ರ ಅಕ್ಟೋಬರ್ 1ರಂದು ಬಳ್ಳಾರಿಯ ಇತರ ಕನ್ನಡ ತಾಲೂಕುಗಳೊಡನೆ ಮೈಸೂರು ರಾಜ್ಯಕ್ಕೆ ಬಂದಿತು. 1997ರಲ್ಲಿ ದಾವಣಗೆರೆ ಜಿಲ್ಲೆಗೆ ಹೋಗಿ, 2018ರಲ್ಲಿ ಬಳ್ಳಾರಿಗೆ ಮರಳಿ, 2021ರಿಂದ ವಿಜಯನಗರ ಜಿಲ್ಲೆಯಲ್ಲಿದೆ. ಭಾನುವಾರ ಬೆಳಿಗ್ಗೆ ಹತ್ತಿರದ ಬಾಗಳಿ. ಅಲ್ಲಿಯ ಕಲ್ಲೇಶ್ವರನ ದೇವಾಲಯದಲ್ಲಿ 987ರ ಶಾಸನವಿದೆ. ದುಗ್ಗಿಮಯ್ಯನೆಂಬವನು ದೇವರನ್ನು ಪ್ರತಿಷ್ಠಾಪಿಸಿದ ವಿಷಯ ಅದರಲ್ಲಿದೆ. ಸುಮಾರು ಐವತ್ತು ಕಂಬಗಳ ವಿಶಾಲವಾದ ಮಂಟಪದಲ್ಲಿ, ಒಂದೊಂದು ಕಂಬವನ್ನೂ ನೋಡುತ್ತ ಅರ್ಧ ದಿನ ಕಳೆಯಬಹುದು. ಸಂಜೆಗೆ ದಾವಣಗೆರೆ, ರಾತ್ರಿಯ ರೈಲು, ಸೋಮವಾರ ಕಚೇರಿ.

ಎಲ್ಲವೂ ಸಿದ್ಧವಾಯಿತು. ಆದರೂ ಸೊಸೆಗೆ ಆ ‘ಬ್ಯಾಡ’ ಎಂಬ ಮಾತು ಮನಸ್ಸಿನಲ್ಲಿಯೇ ಉಳಿದಿತ್ತು. ಒಂದು ಮಧ್ಯಾಹ್ನ ಮನೆಯಲ್ಲಿ ಇಬ್ಬರೇ ಇದ್ದಾಗ ಅಜ್ಜಿಯೇ ಬಾಯಿಬಿಟ್ಟರು.

ಅರವತ್ತು ವರ್ಷಗಳ ಹಿಂದಿನ ಮಾತು. ಅವರ ಓಣಿಯಲ್ಲಿ ಒಬ್ಬ ಗೆಳತಿ ಇದ್ದಳು. ಇಬ್ಬರೂ ಕೂಡಿ ಕುಂಟೆಬಿಲ್ಲೆ ಆಡಿದವರು, ಕೂಡಿಯೇ ನೀರು ಹೊತ್ತವರು. ಒಂದು ಭರತ ಹುಣ್ಣಿಮೆಯ ದಿನ ಆ ಹುಡುಗಿಗೆ ಹೊಸ ಸೀರೆ ಉಡಿಸಿ, ಹಸಿರು ಬಳೆ ತೊಡಿಸಿ ಬೆಟ್ಟಕ್ಕೆ ಕರೆದೊಯ್ದರು. ಇವರೂ ಸಂಭ್ರಮದಿಂದ ಮೆಟ್ಟಿಲು ಹತ್ತಿದರು. ಮೇಲೆ ಅವಳಿಗೆ ಮುತ್ತು ಕಟ್ಟಿದರು. ಇಳಿಯುವಾಗ ಅವಳು ದೇವದಾಸಿಯಾಗಿದ್ದಳು. ಅದರ ಅರ್ಥ ಇಬ್ಬರು ಹುಡುಗಿಯರಿಗೂ ತಿಳಿದಿರಲಿಲ್ಲ. ತಿಳಿಯುವ ಹೊತ್ತಿಗೆ ಇವರು ಮದುವೆಯಾಗಿ ಊರು ಬಿಟ್ಟಿದ್ದರು. ಅನಂತರ ಅವಳ ಮುಖವನ್ನು ಮತ್ತೆ ನೋಡಲಿಲ್ಲ, ಬೆಟ್ಟವನ್ನೂ ಹತ್ತಲಿಲ್ಲ.

ಇದನ್ನು ನಿಷೇಧಿಸುವ ಕಾಯಿದೆ ಆಗಲೇ ಇದ್ದಿತು. ಮದರಾಸು ಪ್ರಾಂತದಲ್ಲಿ 1947ರಲ್ಲಿಯೇ ದೇವದಾಸಿ ಅರ್ಪಣೆಯನ್ನು ತಡೆಯುವ ಶಾಸನವಾಗಿತ್ತು. ಆದರೆ ಆ ಶಾಸನ ಬೆಟ್ಟದ ಮೆಟ್ಟಿಲನ್ನು ಹತ್ತಿರಲಿಲ್ಲ. 1982ರಲ್ಲಿ ಕರ್ನಾಟಕ ಇನ್ನೊಂದು ಕಾಯಿದೆಯನ್ನು ತಂದಿತು. ಈಚೆಗೆ ಭರತ ಹುಣ್ಣಿಮೆಯ ಜಾತ್ರೆಯಲ್ಲಿ ಅಧಿಕಾರಿಗಳೂ ಪೊಲೀಸರೂ ಕಾವಲಿರುತ್ತಾರೆ. ಈ ಪದ್ಧತಿ ಅಪರಾಧವೆಂದು ಸಾರಿ ಹೇಳುತ್ತಾರೆ. ಹನ್ನೆರಡು ವರ್ಷದ ಮುತ್ತಿಗೆಗೂ ಜಗ್ಗದ ಕೋಟೆಯ ಕಥೆಯನ್ನು ಹೇಳಿದ ಸೊಸೆಗೆ, ಇದಕ್ಕಿಂತ ದೀರ್ಘವಾದ ಮುತ್ತಿಗೆಯೊಂದು ಅದೇ ಬೆಟ್ಟದಲ್ಲಿ ನಡೆಯುತ್ತಿದೆಯೆಂಬುದು ಅಂದು ಹೊಳೆಯಿತು.

“ಹಾಗಾದರೆ ಅತ್ತೆ, ಈಗ ಹೋಗುವುದಾದರೂ ಏಕೆ?”

“ದೇವಿದೇನು ತಪ್ಪವ್ವಾ? ಮಾಡಿದೋರು ಮನುಷ್ಯರು. ನನ್ನ ಕಾಲು ಆಡೋದರಾಗ ಒಮ್ಮೆ ಹತ್ತಿ ಬರ್ತೀನಿ” ಎಂದರು ಅಜ್ಜಿ.

ಹೊರಡುವ ಹಿಂದಿನ ದಿನ ತಂದೆ ಪಟ್ಟಿಯನ್ನು ಹಿಡಿದು ಸಾಮಾನು ಪರೀಕ್ಷಿಸುತ್ತಿದ್ದರು. ಟೋಪಿ, ನೀರಿನ ಬಾಟಲಿ, ಅಜ್ಜಿಯ ಮಂಡಿಯ ಪಟ್ಟಿ, ಊರುಗೋಲು. ದೇವಿಯ ಉಡಿಗೆ ಅಕ್ಕಿ, ಕೊಬ್ಬರಿ, ಉತ್ತತ್ತಿ, ಅಡಿಕೆ, ಎಲೆ, ಹಸಿರು ಬಳೆ, ಒಂದು ಕುಬುಸದ ಕಣ.

“ಕಣ ಎರಡು ಬರಿ. ಬಳಿನೂ ಎರಡು ಜೊತಿ” ಎಂದರು ಅಜ್ಜಿ.

“ಎರಡನೆಯದು ಯಾರಿಗಮ್ಮ?”

ಅಜ್ಜಿ ತಡೆದು ಹೇಳಿದರು: “ಅಕಿ ಇದ್ದರ ಅಕಿಗೆ. ಇಲ್ಲದಿದ್ದರ, ಅಲ್ಲೇ ಯಾರಾದರೂ ಹೆಣ್ಣುಮಕ್ಕಳು ಇರ್ತಾರ.”

ತಂದೆ ಮತ್ತೇನನ್ನೂ ಕೇಳಲಿಲ್ಲ. ಪಟ್ಟಿಯಲ್ಲಿದ್ದ ‘ಒಂದು’ ಎಂಬುದನ್ನು ಹೊಡೆದು ‘ಎರಡು’ ಎಂದು ಬರೆದರು.