ಬುಧಗಾಂವದಲ್ಲಿ ಒಂದು ಊಟ

ವಿಜಯಪುರ ಬಿಟ್ಟಾಗ ಜನವರಿಯ ಮಂಜು. ಮುಂದಿನ ಲಾರಿಯ ಕೆಂಪು ದೀಪ ಬಿಟ್ಟರೆ ಏನೂ ಕಾಣದು. ಅಥಣಿ ದಾಟಿ ಕಾಗವಾಡದಲ್ಲಿ ಚಹಾ ಕುಡಿಯುವ ಹೊತ್ತಿಗೆ ಬಿಸಿಲು ಬಂತು. ಕಬ್ಬು ಹೇರಿದ ಟ್ರ್ಯಾಕ್ಟರುಗಳ ಹಿಂದೆ ತೆವಳುತ್ತ ಮಿರಜ, ಸಾಂಗಲಿ, ಮಾಧವನಗರ ದಾಟಿ ಬುಧಗಾಂವ ಮುಟ್ಟಿದಾಗ ಸ್ವೆಟರು ಸೊಂಟಕ್ಕೆ ಇಳಿದಿತ್ತು, ಹೊಟ್ಟೆ ಚುರುಗುಡುತ್ತಿತ್ತು.

ಈಗ ಸಾಂಗಲಿಗೆ ಅಂಟಿಕೊಂಡಂತಿರುವ ಈ ಊರು 1948ರವರೆಗೆ ಒಂದು ಸಂಸ್ಥಾನದ ಗಾದಿ. ಮಿರಜದ ಪಟವರ್ಧನರ ಮನೆತನ ಹೋಳಾದಾಗ ಕಿರಿಯ ಶಾಖೆಗೆ ಬುಧಗಾಂವವೇ ರಾಜಧಾನಿಯಾಯಿತು. ಧಾರವಾಡ ಸೀಮೆಯ ಕೆಲವು ಹಳ್ಳಿಗಳೂ ಆ ಸಂಸ್ಥಾನಕ್ಕೇ ಸೇರಿದ್ದವು.

ರಸ್ತೆ ಬದಿಗೆ ತಗಡಿನ ಮಾಡಿನ ಖಾನಾವಳಿ. ಹಿತ್ತಲಿಗೆ ಹತ್ತಿಯೇ ದ್ರಾಕ್ಷಿ ಪಡ. ಕೈ ತೊಳೆಯಲು ಹೋದವನು ಅಲ್ಲೇ ನಿಂತುಬಿಟ್ಟೆ. ಶೀತದೇಶಗಳಲ್ಲಿ ಈ ಹೊತ್ತಿಗೆ ದ್ರಾಕ್ಷಿ ಬಳ್ಳಿ ಎಲೆಯೆಲ್ಲ ಉದುರಿಸಿ ಬೋಳಾಗಿ ಮಲಗಿರುತ್ತದೆ. ಇಲ್ಲಿ ಅದಕ್ಕೆ ನಿದ್ದೆಯೇ ಇಲ್ಲ! ಏಪ್ರಿಲ್‌ನಲ್ಲಿ ಒಂದು ಚಾಟ್ನಿ (ಬಳ್ಳಿ ಸವರುವುದು), ಅಕ್ಟೋಬರ್‌ನಲ್ಲಿ ಇನ್ನೊಂದು. ಮೊದಲನೆಯದು ಕಡ್ಡಿಗೆ, ಎರಡನೆಯದು ಹಣ್ಣಿಗೆ. ಎರಡನೆಯದಾಗಿ ನಾಲ್ಕು ತಿಂಗಳಿಗೆಲ್ಲ ಗೊನೆ ಕೊಯ್ಲಿಗೆ ಬರುತ್ತದೆ. ಲೋಕದ ಅರ್ಧ ಬಳ್ಳಿಗಳು ಮಲಗಿರುವಾಗ ಈ ಬಳ್ಳಿ ಬಿಸಿಲು ಕುಡಿದು ಸಕ್ಕರೆ ಮಾಡುತ್ತಿತ್ತು.

"ಎಲ್ಲಿಂದ ಬಂದ್ರಿ?" ಒಲೆಯ ಮುಂದಿನಿಂದ ಕನ್ನಡದಲ್ಲೇ ಪ್ರಶ್ನೆ ಬಂತು. ನಮ್ಮ ಮಾತು ಅವರ ಕಿವಿಗೆ ಬಿದ್ದಿತ್ತು.

"ವಿಜಾಪುರದಿಂದ್ರಿ ಮಾವಶಿ."

"ಹಂಗಾದ್ರ ನಮ್ಮವರ ಬಿಡ್ರಿ. ನನ್ನ ತವರಮನಿ ಅಥಣಿ ಹಂತೇಕ. ಕೂಡ್ರಿ, ಬಿಸೀದು ಬಡೀತೀನಿ."

ಟಪಟಪ ಸದ್ದು. ತಾಟಿನಲ್ಲಿ ಉಬ್ಬಿದ ಜೋಳದ ಭಾಕರಿ, ಶೇಂಗಾ ಪುಡಿ ತುಂಬಿದ ಬದನೆಕಾಯಿ, ಝುಣಕಾ, ಹಸಿಮೆಣಸಿನ ಠೇಚಾ, ಗಟ್ಟಿ ಮೊಸರು, ಹಸಿ ಉಳ್ಳಾಗಡ್ಡಿ. ಕೃಷ್ಣೆಯ ದಂಡೆಯ ಬದನೆಕಾಯಿಯ ಹೆಸರು ಕೇಳಿದ್ದೆ. ನಾಲಗೆಯ ಮೇಲೆ ಅದು ಬೆಣ್ಣೆಯಂತೆ ಕರಗಿತು. ಠೇಚಾ ಕಣ್ಣಲ್ಲಿ ನೀರು ತರಿಸಿತು, ಆದರೂ ಕೈ ಮತ್ತೆ ಅದರ ಕಡೆಗೇ ಹೋಯಿತು. "ಇನ್ನೊಂದು ಹಾಕ್ತೀನಿ, ಬ್ಯಾಡ ಅನಬ್ಯಾಡ್ರಿ" ಅನ್ನುತ್ತಲೇ ಮಾವಶಿ ಹಾಕಿಬಿಟ್ಟರು.

ಪಕ್ಕದ ಮೇಜಿನ ಹಿರಿಯರೊಬ್ಬರು ನಮ್ಮನ್ನೇ ನೋಡುತ್ತಿದ್ದವರು ಮರಾಠಿಯಲ್ಲಿ ಮಾತು ತೆಗೆದರು. ನಮ್ಮ ಸಾಂಗಲಿಗೆ ನಾಟಕದ ಹುಚ್ಚು ಹಿಡಿಸಿದವರು ನಿಮ್ಮವರೇ, ಗೊತ್ತೇ? ಎಂದರು. 1842ರಲ್ಲಿ ಉತ್ತರ ಕನ್ನಡದ ಕರ್ಕಿಯ ಮೇಳ ಸಾಂಗಲಿಗೆ ಬಂದು ಆಟ ಆಡಿತು. ಅದನ್ನು ನೋಡಿದ ಸಂಸ್ಥಾನಿಕ ಚಿಂತಾಮಣರಾವ್ ಪಟವರ್ಧನರು, ಇಂಥದ್ದು ಮರಾಠಿಯಲ್ಲೂ ಆಗಲಿ ಎಂದು ವಿಷ್ಣುದಾಸ ಭಾವೆಯವರಿಗೆ ಹೇಳಿದರು. ಮರುವರ್ಷವೇ ‘ಸೀತಾ ಸ್ವಯಂವರ’ ರಂಗಕ್ಕೆ ಬಂತು. ಅದರ ನೆನಪಿಗೇ ಇಂದಿಗೂ ನವೆಂಬರ್ 5 ಮರಾಠಿ ರಂಗಭೂಮಿ ದಿನ. ಇಷ್ಟು ಹೇಳಿ, "ತಾಸಗಾಂವದ ಗೋಪುರ ನೋಡದೆ ಹೋಗಬೇಡಿ" ಎಂದು ಅಪ್ಪಣೆ ಕೊಟ್ಟರು.

ಕವಲಾಪುರ ದಾಟಿ ತಾಸಗಾಂವಕ್ಕೆ ಹೋದೆವು. ಗಣಪತಿ ಗುಡಿಯ ಮುಂದೆ ಏಳು ಅಂತಸ್ತಿನ ಗೋಪುರ, ಅಪ್ಪಟ ದಕ್ಷಿಣದ್ದು! ಮಹಾರಾಷ್ಟ್ರದ ನಡುಪೇಟೆಯಲ್ಲಿ ಕತ್ತೆತ್ತಿ ಅದನ್ನು ನೋಡುವಾಗ ದಿಕ್ಕೇ ತಪ್ಪಿದಂತಾಯಿತು. ಕಟ್ಟಿಸಿದವನು ಪರಶುರಾಮಭಾವು ಪಟವರ್ಧನ, ಪೇಶ್ವೆಯರ ಸೇನಾನಿ. ಟಿಪ್ಪುವಿನ ಮೇಲೆ ದಂಡೆತ್ತಿ ಬಂದವನು. ಆ ದಂಡಯಾತ್ರೆಯಲ್ಲೇ, 1791ರಲ್ಲಿ, ಮರಾಠಾ ಪಡೆ ಶೃಂಗೇರಿ ಮಠವನ್ನು ದೋಚಿತು. ದಕ್ಷಿಣದ ಗೋಪುರಗಳನ್ನು ಕಂಡು ಬೆರಗಾಗಿ, ಅಂಥದ್ದೊಂದು ತನ್ನೂರಲ್ಲೂ ಇರಲಿ ಎಂದು ಬಯಸಿದವನೂ ಅವನೇ. ಒಂದೇ ದಾರಿಯಲ್ಲಿ ಎರಡು ಬಗೆಯ ಹಸಿವು! ಪಡೆ ಹೊತ್ತೊಯ್ದ ಬಂಗಾರ ಯಾವ ಖಜಾನೆಯಲ್ಲಿ ಕರಗಿತೋ. ಕಣ್ಣು ಹೊತ್ತು ತಂದದ್ದು ಮಾತ್ರ ಇಲ್ಲಿ ಏಳಂತಸ್ತು ಎದ್ದು ನಿಂತಿದೆ.