ಹೊಗೆಯಿಲ್ಲದ ಬೆಂಕಿ

ಬೆಂಕಿಯಿಲ್ಲದೆ ಹೊಗೆಯಾಡದೆಂಬುದು ಹಿರಿಯರ ಮಾತು. ಹೊಗೆಯೇ ಕಾಣದ ಬೆಂಕಿಯೊಂದು ಮುಂದೆ ಮನೆಯೊಳಗೆ ಬಂದು ನೆಲೆಸೀತೆಂದು ಅವರು ಎಣಿಸಿರಲಾರರು. ಅಂಥ ಬೆಂಕಿ ಬಂದು ಬಹುಕಾಲವಾಯಿತು. ಅದರೊಡನೆ ಬಾಳುವ ಎಚ್ಚರ ಮಾತ್ರ ಎಲ್ಲರ ಮನೆಗೂ ಇನ್ನೂ ಬಂದಿಲ್ಲ.

ರಾಯಚೂರು ಜಿಲ್ಲೆಯ ಬಳಗಾನೂರಿನ ಸುತ್ತಣ ಎರೆನೆಲದ ಸೀಮೆಯಲ್ಲಿ ಹಳೆಯ ಮನೆಗಳು ಮಣ್ಣಿನ ಮಾಳಿಗೆಯವು. ಅಡಿಗೆಮನೆಯ ಮಾಳಿಗೆಯಲ್ಲೊಂದು ಬೆಳಕಿಂಡಿ. ಹಗಲು ಅದರಿಂದ ಬೆಳಕು ಇಳಿಯುವುದು, ಹತ್ತಿಕಟ್ಟಿಗೆ ತೊಗರಿಕಟ್ಟಿಗೆಗಳ ಹೊಗೆ ಏರುವುದು. ಮಳೆ ಬಂದಾಗ ಕಿಂಡಿಯನ್ನು ಮುಚ್ಚಿದರೆ ರೊಟ್ಟಿ ಬಡಿಯುವವಳ ಕಣ್ಣಲ್ಲಿ ನೀರು. ಆ ಹೊಗೆಯೇನೂ ಸಾಧುವಲ್ಲ. ಎಷ್ಟೋ ತಾಯಂದಿರ ಶ್ವಾಸಕೋಶವನ್ನು ಅದು ತಿಂದಿದೆ. ಆದರೆ ಕದ್ದು ಬರುವ ಅಭ್ಯಾಸ ಅದಕ್ಕಿರಲಿಲ್ಲ. ತಾನು ಬಂದೆನೆಂದು ಕಣ್ಣನ್ನು ಕುಟುಕಿ ಹೇಳುತ್ತಿತ್ತು.

ಅಂಥ ಒಲೆಯ ಮುಂದೆ ಬಾಳು ಸವೆಸಿದ ದಂಪತಿಗಳು ಒಂದು ಚಳಿಗಾಲ ಅಮೆರಿಕದಲ್ಲಿರುವ ಮಗನ ಮನೆಗೆ ಹೋದರು. ತಂದೆ ಊರಿನಲ್ಲಿ ಮನೆಗಳಿಗೆ ವೈರಿಂಗ್ ಮಾಡಿ ಸಂಸಾರ ನಡೆಸಿದವರು. ಹೊರಗೆ ಹಿಮ ಸುರಿಯುತ್ತಿತ್ತು. ನಡುಮನೆಯ ಗೋಡೆಯಲ್ಲಿ, ಗಾಜಿನ ಹಿಂದೆ, ಉರಿದೂ ಉರಿಯದ ಹುಸಿ ಕೊರಡುಗಳ ಮೇಲೆ ಅನಿಲದ ಜ್ವಾಲೆ ಕುಣಿಯುತ್ತಿತ್ತು. ತಾಯಿ ಅದನ್ನು ಬಹಳ ಹೊತ್ತು ನೋಡಿದರು.

“ತಮ್ಮಾ, ಇದರ ಹೊಗಿ ಎಲ್ಲಿಗೆ ಹೋಗ್ತೈತೋ?”

“ಗ್ವಾಡಿ ಹೊರಗ ಒಂದು ಫ್ಯಾನ್ ಐತವ್ವಾ. ಅದು ಎಳಕೊಂಡು ಹೊರಗ ಹಾಕ್ತೈತಿ.”

“ಕರೆಂಟು ಹೋದರ?”

ಮಗ ಇಂಜಿನಿಯರು, ಆದರೂ ಉತ್ತರ ತಟ್ಟನೆ ಹೊರಡಲಿಲ್ಲ. ಆ ಪ್ರಶ್ನೆಯಲ್ಲಿಯೇ ಈ ವಿಷಯದ ತಿರುಳೆಲ್ಲ ಅಡಗಿದೆ.

ಅನಿಲ ಚೆನ್ನಾಗಿ ಉರಿದರೆ ಮುಖ್ಯವಾಗಿ ನೀರಾವಿ ಮತ್ತು ಇಂಗಾಲದ ಡೈಆಕ್ಸೈಡ್ ಹುಟ್ಟುತ್ತವೆ. ಗಾಳಿ ಸಾಲದಾದಾಗ ಇಂಗಾಲದ ಮಾನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಮಿಗಿಲಾದ ಒಲವಿನಿಂದ ಅದು ಅಂಟಿಕೊಳ್ಳುತ್ತದೆ. ಮೊದಲು ತಲೆನೋವು, ವಾಂತಿ, ಮಂಪರು. ಮಲಗಿದ್ದವನಿಗಾದರೋ ಎಚ್ಚರವೇ ಆಗದು. ಸೋರುವ ಅನಿಲ ತಿಳಿಯಲೆಂದು ಅದಕ್ಕೆ ದುರ್ವಾಸನೆ ಬೆರೆಸಿರುತ್ತಾರೆ. ಉರಿದ ಅನಿಲದ ಈ ವಿಷಕ್ಕೆ ಆ ಉಪಕಾರವೂ ಇಲ್ಲ.

ಹೊಗೆ ಕೊಳವೆ ನೇರವಾಗಿ ಮೇಲೇರುವಂತಿದ್ದರೆ ಬಿಸಿಗಾಳಿ ತಾನಾಗಿ ಹೊರಟುಹೋಗುತ್ತದೆ. ಕೊಳವೆ ಅಡ್ಡಡ್ಡಲಾಗಿ, ದೂರ ಹೋಗಬೇಕಾದಲ್ಲಿ ಅದರ ಕೊನೆಗೆ ವಿದ್ಯುತ್ತಿನ ಫ್ಯಾನು ಕೂಡಿಸುತ್ತಾರೆ. ಅನೇಕ ಒಲೆಗಳಲ್ಲಿ ಅನಿಲದ ಕವಾಟವನ್ನು ತೆರೆದಿಡುವ ವಿದ್ಯುತ್ತು ಸದಾ ಉರಿಯುವ ಪುಟ್ಟ ಜ್ವಾಲೆಯ ಶಾಖದಿಂದಲೇ ಹುಟ್ಟುತ್ತದೆ. ಅದು 1 ವೋಲ್ಟಿಗಿಂತ ಕಡಿಮೆ. ಮನೆಯ ಕರೆಂಟು ಹೋದರೆ ಫ್ಯಾನು ನಿಂತೀತು, ಬೆಂಕಿ ನಿಲ್ಲದು! ಆದಕಾರಣ ಫ್ಯಾನಿನ ಸೆಳೆತವನ್ನು ಅರಿಯುವ ಸ್ವಿಚ್ಚೊಂದನ್ನು ಕವಾಟದ ತಂತಿಯ ನಡುವೆ ಸೇರಿಸಿರುತ್ತಾರೆ. ಸೆಳೆತ ಹುಟ್ಟಿದ ಮೇಲೆಯೇ ಅದು ಕೂಡುತ್ತದೆ, ಸೆಳೆತ ತಪ್ಪಿದೊಡನೆ ಬಿಡುತ್ತದೆ, ಅನಿಲವೂ ನಿಲ್ಲುತ್ತದೆ. ಮೊದಲು ಗಾಳಿ, ಆಮೇಲೆ ಬೆಂಕಿ.

ವರ್ಷದ ತಪಾಸಣೆಗೆ ಲೈಸೆನ್ಸು ಪಡೆದ ಮಿಸ್ತ್ರಿ ಬಂದ ದಿನ ತಂದೆ ಪಕ್ಕದಲ್ಲಿಯೇ ನಿಂತರು. ಅನಿಲ ಮುಚ್ಚಿ, ಬ್ರೇಕರ್ ಇಳಿಸಿ, ಒಲೆ ಆರಿದ ಮೇಲೆ ಫ್ಯಾನಿನ ಪೆಟ್ಟಿಗೆ ತೆರೆಯಿತು. ಒಳಗೆ ಕಪ್ಪು ತಂತಿ, ಬಿಳಿ ತಂತಿ, ಹಸಿರು ತಂತಿ. “ಕರೀದು ನ್ಯೂಟ್ರಲ್” ಎಂದರು ತಂದೆ. ಅವರ ಬದುಕಿನ ಅನುಭವವೆಲ್ಲ ಅದನ್ನೇ ಹೇಳುತ್ತಿತ್ತು: ಭಾರತದ ರೂಢಿಯಲ್ಲಿ ಕೆಂಪು ಫೇಸ್, ಕಪ್ಪು ನ್ಯೂಟ್ರಲ್, ಹಸಿರು ಅರ್ಥ್. ಅಮೆರಿಕದಲ್ಲಿ ಕಪ್ಪಿನಲ್ಲಿಯೇ ಕರೆಂಟು, ಬಿಳಿಯದು ನ್ಯೂಟ್ರಲ್. ಅಲ್ಲಿನ 120 ವೋಲ್ಟು ಇಲ್ಲಿನ 230ಕ್ಕಿಂತ ಕಡಿಮೆಯೆಂದು ಕೈಯಿಟ್ಟವನನ್ನು ಅದೂ ಕ್ಷಮಿಸದು. ಮಿಸ್ತ್ರಿ ಮಾತಾಡದೆ ಮೀಟರು ಹಿಡಿದು, ಎಲ್ಲ ತಂತಿಗಳೂ ಸತ್ತಿವೆಯೆಂದು ಖಚಿತ ಮಾಡಿಕೊಂಡ ಮೇಲೆಯೇ ಕೈಹಾಕಿದ. ತಂದೆ ತಲೆದೂಗಿದರು. ಬಣ್ಣ ದೇಶಕ್ಕೊಂದು, ಮೀಟರಿನ ಮಾತು ಎಲ್ಲ ದೇಶಕ್ಕೂ ಒಂದೇ.

ಅರ್ಥ್ ತಂತಿ ಬಿಗಿಯಾಗಿದೆಯೆ, ಬಿಸಿ ಕೊಳವೆಗೆ ತಾಗಿ ತಂತಿಯ ಹೊದಿಕೆ ಕರಗಿದೆಯೆ, ಮನೆಯ ಕರೆಂಟಿನ ತಂತಿ ಕವಾಟದ ಸಣ್ಣ ತಂತಿಯಿಂದ ದೂರವಿದೆಯೆ ಎಂದು ನೋಡಿದ್ದಾಯಿತು; ಅವೆರಡೂ ಕೂಡಿದರೆ ಕವಾಟ ಸುಟ್ಟುಹೋಗುತ್ತದೆ. ಕೊಳವೆಯ ಸಂದುಗಳನ್ನು ಪರೀಕ್ಷಿಸಿ, ಹೊರಬಾಯಿಗೆ ಕಟ್ಟಿದ್ದ ಹಿಮವನ್ನೂ ಹಕ್ಕಿ ಕೂಡಿಟ್ಟಿದ್ದ ಹುಲ್ಲುಕಡ್ಡಿಯನ್ನೂ ತೆಗೆದರು. ಅನಿಲದ ಸಂದುಗಳಿಗೆ ಸಾಬೂನಿನ ನೀರು ಹಚ್ಚಿ ಗುಳ್ಳೆ ಏಳುವುದೋ ಎಂದು ನೋಡಿದರು. ಕಡ್ಡಿ ಗೀರಿ ನೋಡುವ ಸಾಹಸ ಯಾರಿಗೂ ಬೇಡ. ಕೊನೆಗೆ, ತಾಯಿ ಕೇಳಿದ್ದ ಪ್ರಶ್ನೆಯನ್ನು ಯಂತ್ರಕ್ಕೇ ಹಾಕಿದರು. ಒಲೆ ಉರಿಯುತ್ತಿರುವಾಗ ಫ್ಯಾನಿನ ಕರೆಂಟು ತೆಗೆದರು. ಜ್ವಾಲೆ ಕುಗ್ಗಿ, ಆರಿತು. “ಹಾಂ, ಇದಕ್ಕ ಬುದ್ಧಿ ಐತಿ” ಎಂದರು ತಾಯಿ.

ಆ ಬುದ್ಧಿಯನ್ನು ಕೆಡಿಸುವವನು ಮನುಷ್ಯನೇ. ಒಲೆ ಪದೇ ಪದೇ ಆರುವುದೆಂದು ಬೇಸತ್ತು ಆ ಸ್ವಿಚ್ಚಿನ ಎರಡು ತುದಿಗಳನ್ನು ತುಂಡು ತಂತಿಯಿಂದ ಕೂಡಿಸಿಬಿಡುವವರುಂಟು. ಒಲೆ ಆಗ ಸೊಗಸಾಗಿ ಉರಿಯುತ್ತದೆ. ಕೊಳವೆ ಕಟ್ಟಿದ್ದರೂ ಉರಿಯುತ್ತದೆ, ಫ್ಯಾನು ಸತ್ತಿದ್ದರೂ ಉರಿಯುತ್ತದೆ. ಕೂಗಿ ಎಬ್ಬಿಸುವ ಕಾವಲುಗಾರನ ಬಾಯಿ ಕಟ್ಟಿ ಸುಖವಾಗಿ ಮಲಗಿದಂತೆ ಅದು. ಒಲೆ ಏಕೆ ಆರುತ್ತಿದೆಯೆಂದು ವಿಚಾರಿಸುವುದು ವಿವೇಕ. ಅದಕ್ಕೂ ಮೀರಿದ ಕಾವಲಿಗೆ, ಮಲಗುವ ಕೋಣೆಗಳ ಬಳಿ ಮಾನಾಕ್ಸೈಡಿನ ಎಚ್ಚರಿಕೆಯ ಗಂಟೆಯಿರಬೇಕು.

ಹಿಮದ ನಾಡಿನ ಅಗ್ಗಿಷ್ಟಿಕೆಯ ಗೊಡವೆ ಕನ್ನಡನಾಡಿನ ಗೃಹಸ್ಥನಿಗೇಕೆ ಎನ್ನಬಹುದು. ಬಚ್ಚಲುಮನೆಯ ಗೋಡೆಗೆ ತೂಗುಹಾಕಿದ ಗ್ಯಾಸ್ ಗೀಸರು ಅದರ ಒಡಹುಟ್ಟು. ಹೊಗೆ ಕೊಳವೆಯಿಲ್ಲದ ಗೀಸರು, ಚಳಿಯೆಂದು ಮುಚ್ಚಿದ ಕಿಟಕಿ, ಒಳಗಿನಿಂದ ಹಾಕಿದ ಚಿಲಕ: ಈ ಮೂರೂ ಕೂಡಿದಲ್ಲಿ ಮಿಂದು ಬರಲು ಹೋದವರು ತಿರುಗಿ ಬಾರದ ಸುದ್ದಿ ಕರ್ನಾಟಕದ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬಂದಿದೆ. ಗೀಸರನ್ನು ಬಚ್ಚಲಿನ ಹೊರಗೆ, ಗಾಳಿಯಾಡುವ ಕಡೆ ಇಡುವುದಕ್ಕೆ ತಗಲುವ ವೆಚ್ಚ ಒಂದಿಷ್ಟು ಕೊಳವೆಯದು ಮಾತ್ರ. ಬಳಗಾನೂರಿನ ಮಾಳಿಗೆ ಕಟ್ಟಿದವನು ಇಂಗಾಲದ ಲೆಕ್ಕವನ್ನು ಅರಿತವನಲ್ಲ; ಆದರೂ ಒಲೆಗೆ ಜಾಗ ಗೊತ್ತುಮಾಡಿದ ದಿನವೇ ಹೊಗೆಗೆ ಕಿಂಡಿ ಬಿಟ್ಟಿದ್ದ.